ಟ್ರಂಪೆಟ್ ಪಕ್ಕದಲ್ಲಿ ಮರದ ಕೊಳಲು ಕೇಳಿಸುವುದು ಹೇಗೆ?

[ತೆರೆಯ ಮೇಲೆ: ಕಛೇರಿಗೆ ಮುಂಚೆ ಶ್ರುತಿ ಮಾಡಿಕೊಳ್ಳುತ್ತಿರುವ ವಾದಕರು]

ನಮಸ್ಕಾರ. 1721ರಲ್ಲಿ ಜರ್ಮನ್ ಸಂಗೀತ ರಚನೆಕಾರ ಬಾಖ್ ಆರು ಬ್ರಾಂಡೆನ್‌ಬರ್ಗ್ ಕಾನ್ಸರ್ಟೊಗಳನ್ನು ಬ್ರಾಂಡೆನ್‌ಬರ್ಗ್ ಅರಸು ಮನೆತನದ ಒಬ್ಬರಿಗೆ ಒಪ್ಪಿಸಿದರು. ಕಾನ್ಸರ್ಟೊ ಅಂದರೆ ಕೆಲವು ವಾದ್ಯಗಳು ಮುಂದೆ ನಿಂತು, ಉಳಿದವುಗಳ ಮೇಳದ ಜೊತೆ ನುಡಿಸುವ ರಚನೆ. ಎರಡನೆಯದರಲ್ಲಿ ನಾಲ್ಕು ವಾದ್ಯಗಳು ಮುಂದೆ ನಿಲ್ಲುತ್ತವೆ: ಟ್ರಂಪೆಟ್, ಓಬೋ (ಶಹನಾಯಿಯಂಥ ವಾದ್ಯ), ಪಿಟೀಲು, ರೆಕಾರ್ಡರ್. ರೆಕಾರ್ಡರ್ ಅಂದರೆ ನೇರ ಹಿಡಿದು ಊದುವ ಮರದ ಕೊಳಲು. ಅದರದು ಮೆಲುದನಿ. ಈಗಿನ ಟ್ರಂಪೆಟ್ ಜೊತೆ ನಿಲ್ಲಿಸಿದರೆ, ಪಾಪ, ಮುಳುಗಿಯೇ ಹೋಗುತ್ತದೆ. ಬಾಖ್‌ಗೆ ಇಷ್ಟು ಗೊತ್ತಿರಲಿಲ್ಲವಾ?

ಗೊತ್ತಿತ್ತು. ಅವರ ಕಾಲದ ಟ್ರಂಪೆಟ್ಟೇ ಬೇರೆ.

[ಹಳೆಯ ಟ್ರಂಪೆಟ್, ತುಂಬ ಹತ್ತಿರದಿಂದ]

ನೋಡಿ, ಒತ್ತಲು ಒಂದು ಗುಂಡಿಯೂ ಇಲ್ಲ. ಗುಂಡಿ ಒತ್ತಿ ಸ್ವರ ಬದಲಿಸುವ ವಾಲ್ವ್ ಬಂದದ್ದು 1810ರ ದಶಕದಲ್ಲಿ. ಇಲ್ಲಿ ಉದ್ದನೆಯ ಒಂದು ಕೊಳವೆ, ಅಷ್ಟೆ. ಸ್ವರ ಬದಲಿಸುವುದೆಲ್ಲ ತುಟಿ ಮತ್ತು ಉಸಿರಿನಿಂದ. ಕೆಳಗೆ ಸಿಗುವ ಸ್ವರಗಳು ದೂರ ದೂರ. ಮೇಲಕ್ಕೆ ಹೋದಂತೆ ಹತ್ತಿರ ಹತ್ತಿರ. ಹಾಡಿನ ಹಾಗೆ ನುಡಿಸಬೇಕಾದರೆ ಮೇಲಕ್ಕೇ ಹತ್ತಬೇಕು. ಬಾಖ್ ಬರೆದದ್ದೂ ಅಲ್ಲಿಗೇ. ಪಳಗಿದ ವಾದಕರು ಅಷ್ಟು ಮೇಲೆಯೂ ಮೆಲ್ಲಗೆ ಊದಬಲ್ಲರು. ಆಗ ಕೊಳಲು ಕೇಳಿಸುತ್ತದೆ!

ಬಲು ಕಷ್ಟದ ಕೆಲಸ ಅದು. ಕೆಲವು ಸ್ವರಗಳು ತಾವಾಗಿಯೇ ಅಪಸ್ವರ. ಹಾಗಾಗಿ ಇವತ್ತು ಹಲವರು ಕೊಳವೆಯಲ್ಲಿ ಸಣ್ಣ ತೂತುಗಳಿರುವ ಟ್ರಂಪೆಟ್ ಬಳಸುತ್ತಾರೆ. ಅದು ಪೂರ್ತಿ ಹಳೆಯ ವಾದ್ಯವಲ್ಲ, ನಿಜ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

[ವಿಯೆನ್ನಾ ನಗರದ ಹಳೆಯ ಚಿತ್ರಗಳು]

ಈ ವಾದ್ಯಗಳನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ನಿಕೊಲಾಸ್ ಹಾರ್ನನ್‌ಕೋರ್ಟ್ ಮುಖ್ಯರು. ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾದಲ್ಲಿ ಚೆಲ್ಲೋ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ನುಡಿಸುತ್ತಿದ್ದರು. 1953ರಲ್ಲಿ ಹೆಂಡತಿ ಆಲಿಸ್ ಮತ್ತು ಗೆಳೆಯರ ಜೊತೆ ಕಾನ್ಸೆಂಟಸ್ ಮ್ಯೂಸಿಕಸ್ ಎಂಬ ಹಳೆಯ ವಾದ್ಯಗಳ ತಂಡ ಕಟ್ಟಿದರು. ಮೊದಲ ಕಛೇರಿ 1957ರಲ್ಲಿ. ನಡುವಿನ ವರ್ಷಗಳು ಅಭ್ಯಾಸಕ್ಕೇ ಹೋದವು. ಕಲಿತದ್ದನ್ನು ಬದಿಗಿಟ್ಟು, ವಾದ್ಯ ಹೇಳಿದ ಹಾಗೆ ಕೇಳುವುದು ಸುಲಭವಾ?

ಆ ಕಾಲದ ಪಿಟೀಲನ್ನೇ ತೆಗೆದುಕೊಳ್ಳಿ. ತಂತಿಗಳು ಕುರಿಯ ಕರುಳಿನವು. ಗಾಳಿಯ ತೇವ ಸ್ವಲ್ಪ ಬದಲಾದರೂ ಶ್ರುತಿ ಜಾರುತ್ತದೆ. ಅದಕ್ಕೇ ಕಛೇರಿಯ ನಡುನಡುವೆ ಹಳೆಯ ವಾದ್ಯ ನುಡಿಸುವವರು ನಿಲ್ಲಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ಕಮಾನಿನ ಕಡ್ಡಿ ಹೊರಕ್ಕೆ ಬಾಗಿದೆ, ಬೇಟೆಯ ಬಿಲ್ಲಿನ ಹಾಗೆ. ತುದಿ ಹಗುರ. ಕೆಳಕ್ಕೆ ಎಳೆದಾಗ ಬಲ, ಮೇಲಕ್ಕೆ ತಳ್ಳಿದಾಗ ಮೃದು. ಹೀಗಾಗಿ ಸಂಗೀತ ಮಾತಾಡಿದ ಹಾಗೆ ಉಸಿರಾಡುತ್ತದೆ. ಇದನ್ನು ಅರೆಬೆಂದ ವಾದ್ಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಸಂಗೀತಕ್ಕೆ ಬೇಕಾದದ್ದು ಈ ಕಮಾನೇ.

ಶ್ರುತಿಯೂ ಕೆಳಗೆ. ಈಗಿನ ಆರ್ಕೆಸ್ಟ್ರಾಗಳಲ್ಲಿ ‘ಎ’ ಸ್ವರ ಸಾಮಾನ್ಯವಾಗಿ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ. ಹಳೆಯ ವಾದ್ಯ ನುಡಿಸುವವರದು ಹೆಚ್ಚಾಗಿ 415, ಅಂದರೆ ಸುಮಾರು ಅರ್ಧ ಸ್ವರ ಕಡಿಮೆ. ಬಾಖ್ ಕಾಲದಲ್ಲಿ ಊರಿಗೊಂದು ಶ್ರುತಿ ಇತ್ತು. 415 ಅನ್ನುವುದು ನಮ್ಮ ಕಾಲದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ.

[ವಾದಕರು ಕಮಾನು ಎತ್ತುತ್ತಾರೆ]

ಈಗ ಅದೇ ಎರಡನೇ ಕಾನ್ಸರ್ಟೊ ಹಾಕಿಕೊಳ್ಳಿ. ನಡುವಿನ ಭಾಗದಲ್ಲಿ ಟ್ರಂಪೆಟ್ ಸುಮ್ಮನಿರುತ್ತದೆ. ಕೊನೆಯ ಭಾಗವನ್ನು ಅದೇ ಶುರು ಮಾಡುತ್ತದೆ. ಆಮೇಲೆ ಅದೇ ಎಳೆಯನ್ನು ಓಬೋ ಹಿಡಿಯುತ್ತದೆ, ನಂತರ ಪಿಟೀಲು. ಕೊನೆಗೆ ರೆಕಾರ್ಡರ್ ಬರುತ್ತದೆ. ಅದು ಬರುವಾಗ ಕಿವಿ ಅಲ್ಲೇ ಇಡಿ.

[ಮಾತು ನಿಲ್ಲುತ್ತದೆ. ಸಂಗೀತ.]