ಟರ್ಬೊ ಬಾಯಿಗೆ ಯಾವ ಪ್ಯಾಕಿಂಗ್?

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಲ್ಲಿ ಲಾರಿ ಇಂಜಿನ್ ರಿಪೇರಿ ಮಾಡುವವನು ನಾನು. ಊರು ಜಮಖಂಡಿ ಕಡೆ. ಪುಸ್ತಕದಲ್ಲಿ ಗ್ಯಾಸ್ಕೆಟ್ ಅಂತ ಬರೆಯುತ್ತಾರಲ್ಲ, ಎರಡು ಲೋಹದ ನಡುವೆ ಸೋರದ ಹಾಗೆ ಕೂರಿಸುವ ತೆಳು ತುಂಡು, ಅದಕ್ಕೆ ನಮ್ಮ ಕಡೆ ಪ್ಯಾಕಿಂಗ್ ಅಂತಾರೆ. ಇಲ್ಲಿ ಪುಣೆಯಲ್ಲೂ ಅದೇ ಮಾತು. ಇವತ್ತು ಹೇಳುವುದು ಒಂದೇ ಒಂದು ಪ್ಯಾಕಿಂಗ್ ಬಗ್ಗೆ. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಇಂಜಿನ್ನಿನ ಬಿಸಿ ಹೊಗೆ ಅದರೊಳಗೆ ನುಗ್ಗುವ ಜಾಗದಲ್ಲಿ, ಸಿಲಿಂಡರುಗಳ ಹೊಗೆ ಕೂಡಿಸಿ ತರುವ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಕೂರುವ ಅಂಗೈ ಅಗಲದ ತುಂಡು ಅದು.

ಪ್ಯಾಕಿಂಗ್ ಕತ್ತರಿಸಲು ನಾನು ಕಲಿತದ್ದು ಹೊಲದ ಪಂಪ್‌ಸೆಟ್ಟಿನ ಮೇಲೆ. ಅಪ್ಪನ ಹತ್ತಿರ ಒಂದು ಕಿರ್ಲೋಸ್ಕರ್ ಡೀಸೆಲ್ ಇಂಜಿನ್ ಇತ್ತು. ಅಂದ ಹಾಗೆ, ಆ ಹೆಸರಿನ ಲಕ್ಷ್ಮಣರಾಯರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಇಂಜಿನ್ ಕಾರ್ಖಾನೆ ಬಂದದ್ದು ಮಾತ್ರ ಇಲ್ಲಿ ಖಡಕಿಗೆ. ಪ್ಯಾಕಿಂಗ್ ಶೀಟನ್ನು ಲೋಹದ ಬಾಯಿಯ ಮೇಲಿಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಟಕ್ ಟಕ್ ಬಡಿಯಬೇಕು. ಅದೇ ಆಕಾರಕ್ಕೆ ಕತ್ತರಿಸಿ ಬರುತ್ತದೆ. ಗ್ರೀಸ್ ಸವರಿ ಕೂರಿಸಿದರೆ ಮುಗೀತು. ನೀರು, ಎಣ್ಣೆ ಹರಿಯುವ ಜಾಗಕ್ಕೆ ಈ ಕೈಕೆಲಸ ಇವತ್ತಿಗೂ ನಡೆಯುತ್ತದೆ. ಟರ್ಬೊ ಬಾಯಿಗೆ ನಡೆಯುವುದಿಲ್ಲ. ಇಷ್ಟು ತಿಳಿಯಲು ನನಗೆ ಒಂದು ಟರ್ಬೊ ದಂಡ ಬಿತ್ತು.

ಆಗ ಸ್ವಂತ ಗ್ಯಾರೇಜ್ ಹಾಕಿ ಎರಡು ವರ್ಷವೂ ಆಗಿರಲಿಲ್ಲ. ಇಂಡಿ ಕಡೆಯ ಡ್ರೈವರ್ ಒಬ್ಬ ಲಾರಿ ತಂದ. "ಮಾಮಾ, ಪಿಕಪ್ ಸತ್ತೈತಿ. ಖಂಬಾಟಕಿ ಘಾಟ್ ಏರ್ಬೇಕಾದ್ರ ಕರೀ ಹೊಗಿ ಬಿಡ್ತೈತಿ," ಅಂದ. ಬಾನೆಟ್ ಎತ್ತಿ ನೋಡಿದರೆ ಮ್ಯಾನಿಫೋಲ್ಡಿನ ಬಾಯಿಂದ ಟರ್ಬೊ ಮೇಲಕ್ಕೆ ಕಾಡಿಗೆ ತೀಡಿದ ಹಾಗೆ ಮಸಿಯ ಗೆರೆ. ಹೊಗೆ ಅಲ್ಲೇ ಸೋರುತ್ತಿತ್ತು. ಟರ್ಬೊ ತಿರುಗುವುದೇ ಆ ಹೊಗೆಯ ಬಲದಿಂದ, ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ. ದಾರಿಯಲ್ಲೇ ಹೊಗೆ ಸೋರಿದರೆ ಟರ್ಬೊ ಸೊರಗುತ್ತದೆ. ಇಂಜಿನ್ನಿಗೆ ಗಾಳಿ ಸಾಲುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಕಪ್ಪಾಗಿ ಹೊರಗೆ ಬೀಳುತ್ತದೆ.

ಪ್ಯಾಕಿಂಗ್ ತರಲು ಪುಣೆಯ ನಾನಾ ಪೇಠಿಗೆ ಹೋದೆ. ಅಂಗಡಿಯವರು "ತಾಂಬ್ಯಾಚೀ ದೇಊ ಕಾ?" ಅಂದರು. ತಾಮ್ರದ್ದು ಕೊಡಲಾ ಅಂತ. ಸುಮ್ನೆ ತಲೆಯಲ್ಲಿ ಲೆಕ್ಕ ಹಾಕಿದೆ. ಡೀಸೆಲ್ ಲಾರಿಯ ಹೊಗೆ ಲೋಡಿನಲ್ಲಿ 600ರಿಂದ 700 ಡಿಗ್ರಿ. ತಾಮ್ರ ಕರಗುವುದು 1085 ಡಿಗ್ರಿಗೆ. ಮತ್ತೇನು ಬೇಕು? ತಗಡು ತಂದು ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಕೂರಿಸಿದೆ. ಗಾಡಿ ಹೋಯಿತು. ಒಂದು ತಿಂಗಳಲ್ಲಿ ವಾಪಸ್ ಬಂತು.

ಬಿಚ್ಚಿದಾಗ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಆರು ಸಿಲಿಂಡರ್ ಇಂಜಿನ್ ಅದು. ಮೂರರ ಹೊಗೆ ಒಂದು ಕಿಂಡಿಯಿಂದ, ಇನ್ನು ಮೂರರದ್ದು ಪಕ್ಕದ ಕಿಂಡಿಯಿಂದ ಟರ್ಬೊಗೆ ಹೋಗುತ್ತದೆ. ಎರಡು ಕಿಂಡಿಗಳ ನಡುವೆ ಪ್ಯಾಕಿಂಗಿನಲ್ಲಿ ಸಣ್ಣ ಪಟ್ಟಿ ಇರುತ್ತದೆ, ಕಿರುಬೆರಳಿಗಿಂತ ಕಿರಿದು. ಆ ಪಟ್ಟಿಯೇ ಮಾಯ! ಉಳಿದ ತಾಮ್ರ ಕಪ್ಪು ಹಕ್ಕಳೆ ಎದ್ದು, ಉಗುರು ತಾಗಿಸಿದರೆ ಉದುರುತ್ತಿತ್ತು. ಪಟ್ಟಿ ಎಲ್ಲಿ ಹೋಯಿತು ಅಂತ ಟರ್ಬೊ ಬಾಯಿಗೆ ಟಾರ್ಚ್ ಹಿಡಿದೆ. ಒಳಗೆ ತಿರುಗುವ ಚಕ್ರದ ರೆಕ್ಕೆಗಳ ತುದಿ ಹಲ್ಲು ಮುರಿದ ಬಾಚಣಿಗೆ ಥರ ಆಗಿತ್ತು.

ನನ್ನ ತಪ್ಪು ಲೆಕ್ಕದಲ್ಲಿ ಅಲ್ಲ, ಕೇಳಿದ ಪ್ರಶ್ನೆಯಲ್ಲೇ ಇತ್ತು. ಕರಗುತ್ತದಾ ಅಂತ ಕೇಳಿದೆ. ಕೇಳಬೇಕಿದ್ದದ್ದು, ಬಿಸಿಯಲ್ಲೂ ಪುಟಿಯುತ್ತದಾ ಅಂತ.

ನೋಡಿ, ಆ ಜೋಡಣೆ ಒಂದು ಕ್ಷಣವೂ ಸುಮ್ಮನೆ ಕೂರುವುದಿಲ್ಲ. ಬೀಡು ಕಬ್ಬಿಣದ 100 ಮಿಲಿಮೀಟರ್ ಉದ್ದ 600 ಡಿಗ್ರಿ ಬಿಸಿ ಏರಿದರೆ ಸುಮಾರು 0.7 ಮಿಲಿಮೀಟರ್ ಹಿಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಷ್ಟೇ ಉದ್ದಕ್ಕೆ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಎದುರುಬದುರು ಇರುವ ಎರಡು ಲೋಹ ಬೇರೆ ಬೇರೆಯಾದರೆ ಒಂದರ ಮೇಲೊಂದು ಜಾರಲೇಬೇಕು. ಘಾಟ್ ಏರುವಾಗ ಹಿಗ್ಗು, ಇಳಿಯುವಾಗ ಕುಗ್ಗು. ಇದರ ಮೇಲೆ ಹೊಗೆಯ ಹೊಡೆತ ಬೇರೆ. ಆರು ಸಿಲಿಂಡರ್ ಇಂಜಿನ್ 2000 ಆರ್‌ಪಿಎಂನಲ್ಲಿ ಓಡಿದರೆ ಸೆಕೆಂಡಿಗೆ 100 ಸಲ ಹೊಗೆ ಗುದ್ದುತ್ತದೆ. ಬೇಕಾದರೆ ಲೆಕ್ಕ ಮಾಡಿ ನೋಡಿ. ಮೆತ್ತಗಾದ ತಾಮ್ರ ಒಮ್ಮೆ ಅದುಮಿಕೊಂಡಿತು ಅಂದರೆ ಮುಗೀತು, ತಿರುಗಿ ಮೇಲೇಳುವುದಿಲ್ಲ. ಬಾಯಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಅದು ಹಿಂದೆ ಹೋಗಿ ಮುಚ್ಚುವುದಿಲ್ಲ. ಇಂಜೆಕ್ಟರ್ ಕೆಳಗಿನ ವಾಷರಿಗೆ, ಎಣ್ಣೆ ಪೈಪಿನ ಬೋಲ್ಟಿಗೆ ತಾಮ್ರವೇ ಚೆನ್ನ. ಇಲ್ಲಿಗೆ ಬೇಡ.

ಹಾಗಾದರೆ ಏನು ಹಾಕಬೇಕು? ನನ್ನ ಮಟ್ಟಿಗೆ ಲಾರಿ ಟರ್ಬೊ ಬಾಯಿಗೆ ಉಬ್ಬುಗೆರೆ ಇರುವ ಸ್ಟೀಲ್ ಪ್ಯಾಕಿಂಗೇ. ತೆಳು ಸ್ಟೇನ್‌ಲೆಸ್ ತಗಡು, ಕಿಂಡಿಯ ಸುತ್ತ ಒಂದು ಉಬ್ಬು. ಕೆಲವದರಲ್ಲಿ ಎರಡು ಮೂರು ಪದರ ಇರುತ್ತವೆ. ಆ ಉಬ್ಬೇ ಸ್ಪ್ರಿಂಗ್. ಬಾಯಿ ಬಿಟ್ಟುಕೊಂಡಾಗ ಅದೂ ಮೇಲೇಳುತ್ತದೆ. ಕೈಗೆ ತಗಡು ಸಪ್ಪಗೆ ಕಾಣುತ್ತದೆ, ಗಿರಾಕಿ "ಇಷ್ಟಕ್ಕೆ ಇಷ್ಟು ರೇಟಾ?" ಅನ್ನುತ್ತಾರೆ. ಆದರೆ ಸಾಮಾನ್ಯ ಸ್ಪ್ರಿಂಗ್ ಸ್ಟೇನ್‌ಲೆಸ್ ಕೂಡ ಬಿಸಿ ಜಾಸ್ತಿಯಾದರೆ ಪುಟಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಟರ್ಬೊ ಗಾಡಿಗಳಲ್ಲಿ ಹೊಗೆ 900 ಡಿಗ್ರಿ ದಾಟುತ್ತದೆ, ಅಲ್ವಾ? ಅಂಥ ಕಡೆ ನಿಕಲ್ ಜಾಸ್ತಿ ಇರುವ ಇನ್‌ಕೊನೆಲ್ ಬೇಕು. ಅದು 650 ಡಿಗ್ರಿ ಆಸುಪಾಸಿನಲ್ಲೂ ಬಿಗಿ ಬಿಡುವುದಿಲ್ಲ. 900 ಎಲ್ಲಿ, 650 ಎಲ್ಲಿ ಅಂತ ಕೇಳಬೇಡಿ. ಹೊಗೆಯ ಬಿಸಿ ಬೇರೆ, ಲೋಹದ ಬಾಯಿಯ ಬಿಸಿ ಬೇರೆ. ಹೊರಗಿನ ಗಾಳಿ ತಾಗಿ ಬಾಯಿ ತಣ್ಣಗಿರುತ್ತದೆ. ತಣ್ಣಗೆ ಅಂದರೆ ಮುಟ್ಟುವಷ್ಟಲ್ಲ, ಅಷ್ಟೇ.

ಗ್ರಾಫೈಟ್ ಪ್ಯಾಕಿಂಗ್ ಒಳ್ಳೆಯ ಮಾಲು. ಮೆತ್ತಗಿದೆ, ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತದೆ. ಆದರೆ ಅದು ಇದ್ದಿಲಿನ ಜಾತಿ. 450, 500 ಡಿಗ್ರಿಯಲ್ಲಿ ಗಾಳಿ ಸಿಕ್ಕರೆ ನಿಧಾನವಾಗಿ ಸುಡುತ್ತಾ ಹೋಗುತ್ತದೆ. ಡೀಸೆಲ್ ಹೊಗೆಯಲ್ಲಿ ಉರಿಯದೆ ಉಳಿದ ಗಾಳಿ ಬೇಕಾದಷ್ಟಿರುತ್ತದೆ. ಆದ್ದರಿಂದ ಟರ್ಬೊ ಒಳಬಾಯಿಗೆ ಅದನ್ನು ಹಾಕುವುದಿಲ್ಲ. ಟರ್ಬೊ ದಾಟಿ ಸೈಲೆನ್ಸರ್ ಕಡೆ ಹೋಗುವ ಬಾಯಿಗೆ, ಸ್ಟೀಲ್ ಮುಖ ಹೊದಿಸಿದ್ದಾದರೆ ಹಾಕುತ್ತೇನೆ. ರೆಕ್ಕೆ ತಿರುಗಿಸುವಷ್ಟರಲ್ಲಿ ಹೊಗೆಯ ಬಿಸಿ ಇಳಿದಿರುತ್ತದೆ.

ವರ್ಮಿಕ್ಯುಲೈಟ್ ಅಂತ ಒಂದು ಬರುತ್ತದೆ. ನರ್ಸರಿಯವರು ಕುಂಡದ ಮಣ್ಣಿಗೆ ಬೆರೆಸುತ್ತಾರಲ್ಲ, ಅದೇ ಹೊಳೆಯುವ ಪುಡಿಯ ಖನಿಜ. ಸ್ಟೀಲಿನ ಜೊತೆ ಸೇರಿಸಿ ಮಾಡಿದ ಆ ಪ್ಯಾಕಿಂಗ್ ಸಾವಿರ ಡಿಗ್ರಿ ಹತ್ತಿರದ ಬಿಸಿಗೂ ಸುಡುವುದಿಲ್ಲ. ಗಾಡಿಯ ಬಾಯಿ ಸ್ವಲ್ಪ ಹಳತಾಗಿದ್ದರೆ ಇದು ಒಪ್ಪುತ್ತದೆ. ಹಳೇ ಕಾಲದ ಆಸ್ಬೆಸ್ಟಾಸ್ ಶೀಟ್ ಎಲ್ಲಾದರೂ ಮೂಲೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಮುಟ್ಟಬೇಡಿ, ಅದರ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ. ಇನ್ನು ಟ್ಯೂಬಿನ ಸಿಲಿಕೋನ್ ಪೇಸ್ಟ್. ಎರಡು ಬದಿಗೆ ಮೆತ್ತಿಬಿಟ್ಟರೆ ಲೀಕ್ ನಿಲ್ಲುತ್ತದೆ ಅಂತ ಹುಡುಗರು ನಂಬಿದ್ದಾರೆ. 300 ಡಿಗ್ರಿ ದಾಟಿದರೆ ಅದು ಪುಡಿ. ಪುಡಿ ಹೋಗುವುದು ಎಲ್ಲಿಗೆ? ರೆಕ್ಕೆಗೇ.

ಇಷ್ಟೆಲ್ಲ ಹೇಳಿದೆ, ಆದರೆ ಒಳ್ಳೇ ಪ್ಯಾಕಿಂಗ್ ತಂದರೂ ಬಾಯಿ ಸೊಟ್ಟಗಿದ್ದರೆ ದುಡ್ಡು ನೀರಿಗೆ. ಆ ಇಂಡಿ ಗಾಡಿಯ ಮ್ಯಾನಿಫೋಲ್ಡ್ ಬಾಯಿಗೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ. 0.10 ಮಿಲಿಮೀಟರಿನ ಎಲೆ ಹೋಯಿತು. 0.20ರದ್ದೂ ಹೋಯಿತು. ತೆಳು ಸ್ಟೀಲಿನ ಉಬ್ಬಿಗೆ ಅಷ್ಟು ಸಂದು ಮುಚ್ಚಲು ಆಗುವುದಿಲ್ಲ. ಹತ್ತಿರದ ಮಶಿನ್ ಶಾಪಿನಲ್ಲಿ ಬಾಯಿ ಫೇಸಿಂಗ್ ಮಾಡಿಸಿದೆ, ಅಂದರೆ ಹೆರೆದು ಸಮ ಮಾಡಿಸಿದೆ. ಟರ್ಬೊ ಹಿಡಿದಿಡುವ ನಾಲ್ಕೂ ಸ್ಟಡ್ ಹೊಸದು ಹಾಕಿದೆ. ಹಳೇ ಸ್ಟಡ್ ಬಿಸಿಯಲ್ಲಿ ಎಳೆದು ಎಳೆದು ಸೋತಿರುತ್ತದೆ, ಅದಕ್ಕೆ ಎಷ್ಟು ಬಿಗಿದರೂ ಹಿಡಿತ ಬರುವುದಿಲ್ಲ. ನಟ್ಟುಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರು, ಮೂರು ಸುತ್ತಿನಲ್ಲಿ ಬಿಗಿದೆ. ಈಗಲೂ ಹಾಗೇ ಮಾಡುತ್ತೇನೆ. ಒಮ್ಮೆ ಅದುಮಿದ ಉಬ್ಬಿನ ಪ್ಯಾಕಿಂಗನ್ನು ಬಿಚ್ಚಿ ಮತ್ತೆ ಹಾಕುವುದಿಲ್ಲ, ಎಷ್ಟೇ ಹೊಸದಾಗಿ ಕಂಡರೂ.

ಲೀಕ್ ಹಿಡಿಯುವ ಹೊತ್ತು ಬೆಳಿಗ್ಗೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚಿಟ್ ಚಿಟ್ ಅಂತ ಸದ್ದು ಬರುತ್ತದೆ. ಕಾದ ಮೇಲೆ ಲೋಹ ಹಿಗ್ಗಿ ಸದ್ದು ಅಡಗಿಬಿಡುತ್ತದೆ, ಗಾಡಿಯವರು ಸರಿಯಾಯಿತು ಅಂದುಕೊಳ್ಳುತ್ತಾರೆ. ಅದಕ್ಕೇ ಆ ಡ್ರೈವರನ್ನು ರಾತ್ರಿ ಗ್ಯಾರೇಜಿನಲ್ಲೇ ಉಳಿಸಿಕೊಂಡೆ. ಬೆಳಿಗ್ಗೆ ಆರಕ್ಕೆ ಅವನು ಸೆಲ್ಫ್ ಹೊಡೆದ. ನಾನು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಆ ಬಾಯಿಯ ಸುತ್ತ ಹಿಡಿದು ಕೇಳಿದೆ. ಬರೀ ಇಂಜಿನ್ನಿನ ಸದ್ದು.

ಟರ್ಬೊ ದುಡ್ಡು ನಾನು ಕೊಟ್ಟೆ. ಪ್ಯಾಕಿಂಗಿನ ದುಡ್ಡು ಅವನು ಕೊಟ್ಟ, ಅದರಲ್ಲೂ ಚೌಕಾಸಿ ಮಾಡಿ.

ನಮಸ್ಕಾರ.