ಬಾಟಲಿಗೆ ಸಿಗದ ಅರ್ಧ ಬದುಕು

ನಮಸ್ಕಾರ. ಪ್ಲಾಂಕ್ಟನ್ ಎಂದರೇನು ಅಂತ ಇಲ್ಲಿ ಶುರುಮಾಡಿದರೆ ನೀವು ಎದ್ದು ಹೋಗುತ್ತೀರಿ, ಹೋಗಲೂಬೇಕು. ಹಾಗಾಗಿ ನೇರ ಜಗಳಕ್ಕೇ ಬರುತ್ತೇನೆ. ನನ್ನ ತಕರಾರು ಇಷ್ಟೆ: ಕಡಲಿನ ಸಿಲಿಯೇಟ್‌ಗಳನ್ನು (ಲೋಮಾಂಗ ಎಂಬ ಕಿರುಕೂದಲು ಬಡಿದು ಈಜುವ ಏಕಕೋಶ ಜೀವಿಗಳನ್ನು) ನಾವು ಬಾಟಲಿಯಲ್ಲಿ ನೀರು ತುಂಬಿ ಎಣಿಸುತ್ತೇವೆ, ತಳದ ಕೆಸರನ್ನು ಮುಟ್ಟುವುದಿಲ್ಲ. ಆಮೇಲೆ ‘ಈ ಪ್ರಭೇದ ಈ ತಿಂಗಳು ಇಲ್ಲ’ ಎಂದು ಬರೆದುಬಿಡುತ್ತೇವೆ. ಇಲ್ಲವಂತೆ! ಕದ ತಟ್ಟಿದೆ, ತೆಗೆಯಲಿಲ್ಲ, ಹಾಗಾಗಿ ಮನೆಯಲ್ಲಿ ಜನವೇ ಇಲ್ಲ ಎಂದು ಜನಗಣತಿಯವರು ಬರೆದುಕೊಂಡ ಹಾಗೆ.

ಈ ತಪ್ಪನ್ನು ಮೊದಲು ಮಾಡಿದವನು ನಾನೇ. ಮೈಕ್ರೊಸ್ಕೋಪಿನ ಮುಂದೆ ಕೂರಲು ಕಲಿತ ಹೊಸದು. ತಳದ ಕೆಸರನ್ನು 20 ಮೈಕ್ರಾನ್ ಜರಡಿಯಲ್ಲಿ ಸೋಸಿ ನೋಡುತ್ತಿದ್ದೆ. ಪುಟ್ಟ ಹೂಜಿಯಂಥದ್ದೊಂದು ಕಂಡಿತು. ದುಂಡು ಹೊಟ್ಟೆ, ಗಿಡ್ಡ ಕತ್ತು, ಕತ್ತಿನ ತುದಿಗೆ ನೊರೆಯಂಥ ಬಿರಡೆ. ನೋಟ್‌ಬುಕ್ಕಿನಲ್ಲಿ ‘ಪರಾಗ? ಕಸ?’ ಎಂದು ಬರೆದೆ. ಡಿಶ್ ತೊಳೆಯಲು ಸೋಮಾರಿತನ, ಹಾಗೇ ಬಿಟ್ಟು ಹೋದೆ. ಮರುದಿನ ಬಂದು ನೋಡಿದರೆ ಬಿರಡೆ ಮಾಯ, ಹೂಜಿ ಗಾಜಿನಂತೆ ಖಾಲಿ, ಪಕ್ಕದಲ್ಲಿ ಸ್ಟ್ರೊಂಬಿಡಿಯಮ್ ಎಂಬ ಒಂದು ಸಿಲಿಯೇಟ್ ಗಿರಗಿರ ಸುತ್ತುತ್ತಿದೆ. ನನ್ನ ಕಸಕ್ಕೆ ಲೋಮಾಂಗ ಬಂದಿತ್ತು! ವಿಜ್ಞಾನದಲ್ಲಿ ಸೋಮಾರಿತನಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ ಎಂದು ಅವತ್ತಿನಿಂದ ನಂಬಿದ್ದೇನೆ. (ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಡಿ.)

ಸಮಾಧಾನವೆಂದರೆ ನನಗಿಂತ ದೊಡ್ಡವರೂ ಎಡವಿದ್ದಾರೆ. ಆರ್ಕ್ಟಿಕ್‌ನ ಬ್ಯಾರೆಂಟ್ಸ್ ಮತ್ತು ಕಾರಾ ಸಮುದ್ರಗಳಿಂದ ಬಂದ ಇಂಥ ಹೂಜಿಗಳನ್ನು ಬೆಲ್ಜಿಯಮ್ಮಿನ ಮೆನಿಯೆ 1910ರಲ್ಲಿ ಪ್ರತ್ಯೇಕ ಜೀವಿಗಳೆಂದೇ ಎಣಿಸಿ ‘ಪೈರೋಪ್ಸಿಸ್’ ಎಂದು ಹೆಸರಿಟ್ಟ. 1978ರಲ್ಲಿ ರೀಡ್ ಮತ್ತು ಜಾನ್ ಟಿಂಟಿನಿಡ್ ಎಂಬ ಸಿಲಿಯೇಟ್‌ಗಳ ಸಿಸ್ಟ್‌ಗಳ ಬಗ್ಗೆ, ಅಂದರೆ ಜೀವಿ ಒಳಗೆ ಮಲಗುವ ಕವಚಗಳ ಬಗ್ಗೆ (ನನ್ನ ಹೂಜಿಯೂ ಅಂಥದ್ದೇ) ಬರೆದರು. 1995ರಲ್ಲಿ ಜಪಾನಿನಲ್ಲಿ ಕಿಮ್ ಮತ್ತು ತಾನಿಗುಚಿ ಸ್ಟ್ರೊಂಬಿಡಿಯಮ್ ಕೋನಿಕಮ್ ಸಿಸ್ಟಿನಿಂದ ಹೊರಬರುವುದನ್ನು ವರದಿ ಮಾಡಿದರು. ಮಗುವಿಗೆ ಒಂದು ಹೆಸರು, ಅದು ಮಲಗಿದ್ದಾಗ ಇನ್ನೊಂದು; ಎರಡೂ ಒಂದೇ ಎಂದು ತಿಳಿಯಲು ಅಷ್ಟು ವರ್ಷ.

ಇದನ್ನು ಕುಂಭಕರ್ಣನಿಗೆ ಹೋಲಿಸುವುದು ರೂಢಿ. ನಾನು ಒಪ್ಪುವುದಿಲ್ಲ. ಅವನನ್ನು ಬೇರೆಯವರು ಡೋಲು ಬಡಿದು ಎಬ್ಬಿಸಬೇಕಿತ್ತು. ಇಲ್ಲಿ ಬಂಡೆಗುಂಡಿಗಳ ಸ್ಟ್ರೊಂಬಿಡಿಯಮ್ ಆಕ್ಯುಲೇಟಮ್ಮನ್ನು ನೋಡಿ. ಇಳಿತದ ಹೊತ್ತಿಗೆ ಸಿಸ್ಟ್ ಬಿಟ್ಟು ಹೊರಬರುತ್ತದೆ, ಗುಂಡಿಯ ನೀರಿನಲ್ಲಿ ಈಜುತ್ತದೆ, ಎರಡಾಗಿ ಒಡೆಯುತ್ತದೆ. ಉಬ್ಬರದ ನೀರು ಗುಂಡಿಗೆ ನುಗ್ಗುವ ಮೊದಲೇ ಮತ್ತೆ ಸಿಸ್ಟ್ ಆಗಿ ಅಂಟಿಕೊಳ್ಳುತ್ತದೆ. ನುಗ್ಗಿದ ಮೇಲೆ ಅಲ್ಲ, ಮೊದಲೇ! ಇಲ್ಲವಾದರೆ ಕಡಲಿಗೆ ಕೊಚ್ಚಿ ಹೋಗುತ್ತದೆ. ಫ್ರಾನ್ಸಿನ ಜೀವವಿಜ್ಞಾನಿ ಫೋರೆ-ಫ್ರೆಮಿಯೆ 1948ರಲ್ಲಿ ಬರೆದದ್ದು ಈ ತಾಳದ ಬಗ್ಗೆಯೇ. ಉಬ್ಬರವಿಳಿತವೇ ಇಲ್ಲದ ಪ್ರಯೋಗಶಾಲೆಗೆ ತಂದರೂ ಕೆಲವು ದಿನ ತಾಳ ತಪ್ಪುವುದಿಲ್ಲ. ಗಡಿಯಾರ ಒಳಗೇ ಇದೆ. ಇದು ಕಳ್ಳನೂ ಹೌದು: ಹಸಿರು ಪಾಚಿಯ ಬೀಜಕಣಗಳನ್ನು ನುಂಗಿ ಅವುಗಳ ಕ್ಲೋರೊಪ್ಲಾಸ್ಟ್ ಉಳಿಸಿಕೊಳ್ಳುತ್ತದೆ, ಕೆಂಪು ಕಣ್ಚುಕ್ಕೆಯನ್ನೂ ಬಿಡುವುದಿಲ್ಲ. ಆಕ್ಯುಲೇಟಮ್ ಎಂದರೆ ಕಣ್ಣುಳ್ಳದ್ದು; ಅದರ ಹೆಸರಿನಲ್ಲಿರುವ ಕಣ್ಣೇ ಕದ್ದ ಮಾಲು.

ಈ ಗುಂಡಿಗೆ ತಪ್ಪಾದ ಹೊತ್ತಿನಲ್ಲಿ ಬಾಟಲಿ ಅದ್ದಿದವನು ಏನು ಬರೆಯುತ್ತಾನೆ? ‘ಇಲ್ಲ’. ಮತ್ತೆ ಅದೇ ಜಗಳಕ್ಕೆ ಬಂದೆ, ಕ್ಷಮಿಸಿ.

ಚೀಟಿ ಬಂತು, ಐದು ನಿಮಿಷವಂತೆ. ಟಿಂಟಿನಿಡ್‌ಗಳ ಬಗ್ಗೆ ಹತ್ತು ಚಿತ್ರ ತಂದಿದ್ದೆ, ಒಂದೇ ತೋರಿಸುತ್ತೇನೆ: ಲೋರಿಕ ಎಂಬ ಅವುಗಳ ಹೊರಚಿಪ್ಪಿನ ಬಟ್ಟಲೊಳಗೇ ಸಿಸ್ಟ್, ಪಾತ್ರೆಯೊಳಗೆ ಪಾತ್ರೆ. ಯಾವ ತಾಪ, ಎಷ್ಟು ಬೆಳಕು, ಯಾವ ಆಹಾರಕ್ಕೆ ಎಚ್ಚರವಾಗುತ್ತವೆ ಎಂಬುದು ಪ್ರಭೇದಕ್ಕೊಂದು ಕತೆ, ಇವತ್ತು ಬೇಡ. ಸಂಯುಗ್ಮನ, ಅಂದರೆ ಇಬ್ಬರು ಕೂಡಿ ಕಿರುನ್ಯೂಕ್ಲಿಯಸ್ ಬದಲಿಸಿಕೊಳ್ಳುವ ಭಾಗ, ಪೂರಾ ಬಿಟ್ಟೆ. ಅದನ್ನು ಬಿಟ್ಟದ್ದಕ್ಕೆ ಹಿಂದಿನ ಸಾಲಿನವರಿಗೆ ಬೇಸರವಾಗಿದೆ ಎಂದು ಕಾಣುತ್ತದೆ.

ಬಾಗಿಲ ಬಳಿಯ ಮೇಜಿನ ಮೇಲೆ ಮೈಕ್ರೊಸ್ಕೋಪಿನಡಿ ಒಂದು ಡಿಶ್ ಇಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತು ಹೂಜಿ ಇದ್ದವು, ಒಂಬತ್ತಕ್ಕೂ ಬಿರಡೆ ಇತ್ತು. ಹೋಗುವಾಗ ಎಣಿಸಿ, ಪಕ್ಕದ ಹಾಳೆಯಲ್ಲಿ ಹೊತ್ತು ಹಾಕಿ ಬರೆಯಿರಿ. ಮೇಜಿಗೆ ಮಾತ್ರ ಒರಗಬೇಡಿ.