ಬೆನ್ನ ಮೇಲಿನ ಗುಂಡಿಗಳು

ಕೇಳುಗರೇ, ನಮಸ್ಕಾರ.

ಪ್ರೇಮಕಥೆಯ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯ ನಿಮಗೆ ನೆನಪಿರಬಹುದು. ಮದುವೆಯ ದಿನ, ಬೆಳಿಗ್ಗೆ. ಮದುಮಗಳು ಕನ್ನಡಿಯ ಮುಂದೆ ನಿಂತಿದ್ದಾಳೆ. ಕ್ಯಾಮೆರಾ ಅವಳ ಬೆನ್ನ ಹಿಂದಿದೆ. ಬಿಳಿ ಗೌನಿನ ಬೆನ್ನ ಮೇಲೆ, ಕತ್ತಿನಿಂದ ಸೊಂಟದವರೆಗೆ, ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳ ಸಾಲು. ಒಂದೊಂದೂ ಕಿರುಬೆರಳ ಉಗುರಿನಷ್ಟು. ಕಾಜಾ ಇಲ್ಲ, ದಾರದ ಸಣ್ಣ ಕುಣಿಕೆಗಳು. ಬೇರೆ ಯಾರದೋ ಎರಡು ಕೈಗಳು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕುತ್ತಾ ಬರುತ್ತವೆ. ಒಂದು ಗುಂಡಿ ಜಾರುತ್ತದೆ. ಬೆರಳು ಮತ್ತೆ ಅದನ್ನು ಹುಡುಕಿ ಹಿಡಿಯುತ್ತದೆ. ಮದುಮಗಳು ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.

ಇದನ್ನು ಸುಮ್ನೆ ಚೆಂದಕ್ಕೆ ಅಂತ ಇಡುತ್ತಾರೆ ಎಂದು ನಾನು ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ಸಲ ಹೊಳೆಯಿತು. ಆ ಗುಂಡಿಗಳನ್ನು ಅವಳು ತಾನೇ ಹಾಕಿಕೊಳ್ಳೋಕೆ ಆಗುವುದಿಲ್ಲ. ಕೈ ಅಲ್ಲಿಗೆ ಎಟುಕುವುದಿಲ್ಲ. ಬಿಚ್ಚಿಕೊಳ್ಳೋಕೂ ಆಗುವುದಿಲ್ಲ. ದಿನವೂ ಉಡುವ ಬಟ್ಟೆಯನ್ನು ನಾವೇ ತೊಡುತ್ತೇವೆ, ಮದುವೆಯ ಬಟ್ಟೆಯನ್ನು ಯಾರೋ ತೊಡಿಸುತ್ತಾರೆ. ಕಥೆ ಹೇಳುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಒಳ್ಳೆಯ ಪ್ರೇಮಕಥೆಯಲ್ಲಿ ಮದುವೆಯ ಡ್ರೆಸ್ ಎಷ್ಟು ದುಬಾರಿ, ಎಷ್ಟು ಚೆಂದ ಅನ್ನೋದು ದೊಡ್ಡ ವಿಷಯವೇ ಅಲ್ಲ. ಅದನ್ನು ಆರಿಸಿದ್ದು ಯಾರು? ಯಾರ ಅಳತೆಗೆ ಹೊಲಿದದ್ದು? ತೊಡಿಸಿದ ಕೈ ಯಾರದ್ದು? ಇಷ್ಟು ನೋಡಿದರೆ ಸಾಕು, ಈ ಮದುವೆ ಅವಳದೋ ಬೇರೆಯವರದೋ ಅನ್ನೋದು ಅವಳು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ.

1939ರ 'ಗಾನ್ ವಿತ್ ದ ವಿಂಡ್' ನೋಡಿದವರು ಸ್ಕಾರ್ಲೆಟ್‌ಳ ಮೊದಲ ಮದುವೆಯನ್ನು ನೆನಪು ಮಾಡಿಕೊಳ್ಳಿ. ಅವಳ ಮನಸ್ಸು ಇರುವುದು ಆಶ್ಲಿಯ ಮೇಲೆ. ಅವನು ಬೇರೆಯವಳ ಕೈ ಹಿಡಿಯುತ್ತಾನೆ. ಆ ಹಟಕ್ಕೆ ಇವಳು ಚಾರ್ಲ್ಸ್ ಅನ್ನುವ ಹುಡುಗನಿಗೆ ಹೂಂ ಅಂದುಬಿಡುತ್ತಾಳೆ. ಯುದ್ಧ ಬಂದಿದೆ, ಎಲ್ಲವೂ ಅವಸರ. ಹೊಸ ಗೌನ್ ಹೊಲಿಸೋಕೆ ಸಮಯವೆಲ್ಲಿ? ತಾಯಿಯ ಮದುವೆಯ ಗೌನನ್ನೇ ತೊಟ್ಟಿದ್ದಾಳೆ ಅನ್ನೋ ಲೆಕ್ಕದಲ್ಲಿ ವಸ್ತ್ರವಿನ್ಯಾಸಕ ವಾಲ್ಟರ್ ಪ್ಲಂಕೆಟ್ ಆ ಡ್ರೆಸ್ ಮಾಡಿದರು. ಹಿಂದಿನ ತಲೆಮಾರಿನ ಉಬ್ಬು ತೋಳು. ಮೈಗೆ ಸರಿಯಾಗಿ ಕೂರುವುದಿಲ್ಲ. ಅದು ಬೇಕಂತಲೇ ಮಾಡಿದ್ದು. ನಾಯಕಿ ಪ್ರತಿ ಫ್ರೇಮಿನಲ್ಲೂ ಚೆಂದ ಕಾಣಬೇಕು ಅನ್ನುವ ಕಾಲ ಅದು. ಅಂಥ ಕಾಲದಲ್ಲಿ ಅವಳಿಗೆ ಹೊಂದದ ಬಟ್ಟೆ ತೊಡಿಸೋಕೆ ಧೈರ್ಯ ಬೇಕು. ತೆರೆಯ ಮೇಲೆ ಅದು ಒಂದೆರಡು ನಿಮಿಷ ಇದ್ದರೆ ಹೆಚ್ಚು. ಆದರೂ ಬೇರೆಯವರ ಬಟ್ಟೆಯೊಳಗೆ ಸಿಕ್ಕಿಕೊಂಡ ಹುಡುಗಿ ಅನ್ನೋದು ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಬಿಳಿ ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಗೌನ್ ಅಂದರೆ ಅನಾದಿ ಕಾಲದ್ದು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ. 1840ರಲ್ಲಿ ರಾಣಿ ವಿಕ್ಟೋರಿಯಾ ಬಿಳಿ ತೊಟ್ಟು ಮದುವೆಯಾದ ಮೇಲೆ ಅದು ಹಬ್ಬಿತು. ಅದಕ್ಕೂ ಮೊದಲು ಹೆಚ್ಚಿನವರು ತಮ್ಮಲ್ಲಿರುವ ಒಳ್ಳೆಯ ಬಟ್ಟೆ ತೊಡುತ್ತಿದ್ದರು, ಬಣ್ಣ ಯಾವುದಾದರೂ ಸರಿ. ಬಿಳಿ ಗೌನನ್ನು ಲೋಕಕ್ಕೆಲ್ಲ ಮದುವೆಯ ಗುರುತಾಗಿ ಮಾಡಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. ಆದರೆ ಹಳೆಯ ಸಿನಿಮಾಗಳಲ್ಲಿ ಕಾಣುವ ಆ ಬಿಳಿ ಎಷ್ಟೋ ಸಲ ನಿಜವಾದ ಬಿಳಿಯಲ್ಲ. ಜೋರು ದೀಪಗಳ ಕೆಳಗೆ ಅಪ್ಪಟ ಬಿಳಿ ಬಟ್ಟೆ ಕಣ್ಣು ಕುಕ್ಕುತ್ತದೆ. ನೆರಿಗೆ ಕಾಣುವುದಿಲ್ಲ, ಲೇಸು ಕಾಣುವುದಿಲ್ಲ, ಮುಖವೇ ಕಪ್ಪಿಡುತ್ತದೆ. ಅದಕ್ಕೆ ಕಾಸ್ಟ್ಯೂಮ್ ಕೆಲಸದವರು ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಸ್ವಲ್ಪ ಕಂದು ಹಿಡಿದ ಆ ಬಟ್ಟೆ ತೆರೆಯ ಮೇಲೆ ಹಾಲಿನಂಥ ಬಿಳಿ. ನನಗಂತೂ ಇದು ತುಂಬಾ ಇಷ್ಟವಾದ ವಿಷಯ.

ಈಗ ಓಟಕ್ಕೆ ಬರೋಣ. ಮದುಮಗಳು ಮಂಟಪ ಬಿಟ್ಟು ಓಡುವುದು ಪ್ರೇಮಕಥೆಗಳ ಹಳೆಯ ದೃಶ್ಯ. 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಫ್ರಾಂಕ್ ಕಾಪ್ರಾ ಅವರದು. ಕ್ಲಾಡೆಟ್ ಕೋಲ್ಬರ್ಟ್ ಅದರಲ್ಲಿ ಸಾಹುಕಾರನ ಮಗಳು. ಕಥೆಯ ಬಹುಪಾಲು ಅವಳು ದಾರಿಯಲ್ಲೇ ಇರುತ್ತಾಳೆ, ಬಸ್ಸಿನಲ್ಲಿ, ಹುಲ್ಲಿನ ಮೇಲೆ, ಹೆಚ್ಚುಕಮ್ಮಿ ಒಂದೇ ಜೊತೆ ಬಟ್ಟೆಯಲ್ಲಿ. ಅದು ಮುದುರಿದಷ್ಟೂ ಅವಳು ನಮಗೆ ಹತ್ತಿರವಾಗುತ್ತಾಳೆ. ಕೊನೆಗೆ ಹೊಳೆಯುವ ಸ್ಯಾಟಿನ್ ಗೌನು, ಮಾರುದ್ದದ ಮುಸುಕು ತೊಟ್ಟು ಬಂದಾಗ ಅವಳು ಮತ್ತೆ ದೂರ. ಗಾಜಿನ ಗೊಂಬೆಯ ಹಾಗೆ. ತಂದೆ ಅವಳನ್ನು ಕರೆದುಕೊಂಡು ಬರುತ್ತಲೇ ಕಿವಿಯಲ್ಲಿ ಹೇಳುತ್ತಾನೆ, ಹಿಂದಿನ ಗೇಟಿನ ಹತ್ತಿರ ಕಾರು ನಿಂತಿದೆ ಅಂತ. ಪಾದ್ರಿ ಒಪ್ಪಿಗೆಯಾ ಅಂತ ಕೇಳಿದಾಗ ಅವಳು ತಲೆ ಅಲ್ಲಾಡಿಸುತ್ತಾಳೆ, ಆಗೋಲ್ಲ ಅನ್ನೋ ಹಾಗೆ. ಓಡುತ್ತಾಳೆ. ಆಗ ಆ ಮುಸುಕು ಹುಲ್ಲುಹಾಸಿನ ಮೇಲೆ ಹಿಂದಿನಿಂದ ಹರಿದುಕೊಂಡು ಬರುತ್ತದಲ್ಲ, ಅಷ್ಟೊತ್ತು ಅವಳನ್ನು ಕಟ್ಟಿಹಾಕಿದ್ದ ಅದೇ ಬಟ್ಟೆಗೆ ರೆಕ್ಕೆ ಬಂದಂತೆ ಕಾಣುತ್ತದೆ. ಮಾತು ಬೇಕೇ ಇಲ್ಲ.

ಇದಕ್ಕೆ ಉತ್ತರ ಕೊಟ್ಟ ಹಾಗಿದೆ 1967ರ 'ದ ಗ್ರ್ಯಾಜುಯೇಟ್', ಮೈಕ್ ನಿಕೋಲ್ಸ್ ಅವರದು. ಇಲ್ಲಿ ಹುಡುಗ ಓಡಿ ಬರುವಷ್ಟರಲ್ಲಿ ಮದುವೆ ಮುಗಿದೇ ಹೋಗಿದೆ. ಆದರೂ ಮದುಮಗಳು ಎಲೇನ್ ಅವನ ಜೊತೆ ಹೊರಡುತ್ತಾಳೆ. ಅವನು ಚರ್ಚಿನ ಬಾಗಿಲಿಗೆ ಶಿಲುಬೆಯನ್ನೇ ಅಗುಳಿಯ ಹಾಗೆ ಸಿಕ್ಕಿಸುತ್ತಾನೆ. ಇಬ್ಬರೂ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ನಗುತ್ತಾರೆ. ಪ್ರಯಾಣಿಕರೆಲ್ಲ ಕತ್ತು ತಿರುಗಿಸಿ ನೋಡುತ್ತಾರೆ. ಬಸ್ಸಿನ ಸೀಟಿನ ಮೇಲೆ ಮದುವೆಯ ಗೌನು. ಮುಸುಕು ಇನ್ನೂ ತಲೆಯ ಮೇಲೇ ಇದೆ. ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ. ನಗು ನಿಧಾನಕ್ಕೆ ಇಳಿಯುತ್ತದೆ. ಅವಳು ಅವನ ಮುಖ ನೋಡುತ್ತಾಳೆ, ಮತ್ತೆ ಮುಂದೆ ನೋಡುತ್ತಾಳೆ.

ನಾನು ಮೊದಲ ಸಲ ಇದನ್ನು ನೋಡಿದಾಗ ಪ್ರೀತಿ ಗೆದ್ದಿತು ಅಂತ ಖುಷಿಪಟ್ಟಿದ್ದೆ. ಎರಡನೇ ಸಲ ನೋಡುವಾಗ ಕಣ್ಣು ಆ ಡ್ರೆಸ್ ಮೇಲೇ ನಿಂತಿತು. ಅವಳ ಕೈಯಲ್ಲಿ ಒಂದು ಚೀಲವೂ ಇಲ್ಲ. ಬದಲಾಯಿಸೋಕೆ ಇನ್ನೊಂದು ಜೊತೆ ಬಟ್ಟೆ ಇಲ್ಲ. ಬೇರೊಬ್ಬನಿಗಾಗಿ, ಬೇರೆಯವರು ಸಿಂಗರಿಸಿ ಕಳಿಸಿದ ಬಟ್ಟೆಯಲ್ಲೇ ಅವಳು ಹೊಸ ಬದುಕಿಗೆ ಹೊರಟಿದ್ದಾಳೆ. ಬಸ್ಸು ಇಳಿದ ಮೇಲೆ ಏನು? ಆ ಪ್ರಶ್ನೆಯನ್ನು ಸಿನಿಮಾ ಕೇಳುವುದಿಲ್ಲ. ಡ್ರೆಸ್ ಕೇಳುತ್ತದೆ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಲಕಿದ್ದು ಬೇರೆ ಸಿನಿಮಾ. 1994ರ ಆಸ್ಟ್ರೇಲಿಯಾದ 'ಮ್ಯೂರಿಯಲ್ಸ್ ವೆಡ್ಡಿಂಗ್'. ಮ್ಯೂರಿಯಲ್ ಆಗಿ ಟೋನಿ ಕೊಲೆಟ್. ಎಲ್ಲರೂ ಹೀಯಾಳಿಸುವ ಹುಡುಗಿ. ಅವಳು ಮದುವೆಯ ಡ್ರೆಸ್ ಅಂಗಡಿಗಳಿಗೆ ಹೋಗಿ, ಏನೋ ಸುಳ್ಳು ಹೇಳಿ, ಒಂದೊಂದೇ ಗೌನ್ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾಳೆ. ಆಲ್ಬಮ್ಮಿನಲ್ಲಿ ಅಂಟಿಸಿಕೊಳ್ಳುತ್ತಾಳೆ. ವರ ಅನ್ನೋನು ಇಲ್ಲವೇ ಇಲ್ಲ. ಅವಳಿಗೆ ಬೇಕಾದದ್ದು ಗಂಡನಲ್ಲ, ಆ ಬಟ್ಟೆ ತೊಟ್ಟಾಗ ಕಾಣುವ ಬೇರೊಬ್ಬ ಮ್ಯೂರಿಯಲ್. ಕೊನೆಗೂ ಮದುವೆ ಆಗುತ್ತದೆ. ವರ ಒಬ್ಬ ಈಜುಗಾರ, ಅವನಿಗೆ ಬೇಕಿರುವುದು ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಪರ ಈಜೋಕೆ ಅಲ್ಲಿನ ಪೌರತ್ವ. ಚರ್ಚಿನೊಳಗೆ ಅವಳು ಮುಖ ತುಂಬಾ ನಗುತ್ತಾ ನಡೆದು ಬರುತ್ತಾಳೆ, ಅವನ ಮುಖದಲ್ಲಿ ನಗುವಿಲ್ಲ.

ಅಲ್ಲೊಂದು ಗಳಿಗೆ ಇದೆ. ಅವಳ ತಾಯಿ ತಡವಾಗಿ ಬಂದಿದ್ದಾಳೆ, ಕೈಯಲ್ಲಿ ಉಡುಗೊರೆ. ಮ್ಯೂರಿಯಲ್ ಅವಳ ಪಕ್ಕದಲ್ಲೇ ಹಾದುಹೋಗುತ್ತಾಳೆ, ನೋಡುವುದೇ ಇಲ್ಲ. ಬೇಕಂತ ಅಲ್ಲ. ಆ ಬಿಳಿ ಬಟ್ಟೆಯೊಳಗೆ ಅವಳಿಗೆ ಬೇರೇನೂ ಕಾಣುತ್ತಿಲ್ಲ, ಅಷ್ಟೇ. ಬೇರೆ ಎಷ್ಟೋ ಕಥೆಗಳಲ್ಲಿ ಮಗಳ ಬೆನ್ನ ಗುಂಡಿ ಹಾಕುವ ಕೈ ತಾಯಿಯದು. ಇಲ್ಲಿ ಆ ತಾಯಿ ಗುಂಪಿನಲ್ಲಿ ನಿಂತು ಮಗಳ ಬೆನ್ನು ನೋಡುತ್ತಾಳೆ. ಈ ದೃಶ್ಯ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬಾನುಲಿಯಲ್ಲಿ ಬಟ್ಟೆ ತೋರಿಸೋಕೆ ಆಗಲ್ಲ. ಆದರೆ ಬಟ್ಟೆಗೆ ಸದ್ದೂ ಇದೆ. ಮದುಮಗಳು ನಡೆಯುವಾಗ ಕೇಳುವ ರೇಷ್ಮೆಯ ಸರಸರ ಸದ್ದನ್ನು ಎಷ್ಟೋ ಸಲ ಆಮೇಲೆ ಸೇರಿಸುತ್ತಾರೆ. ಸ್ಟುಡಿಯೋದಲ್ಲಿ ಒಬ್ಬರು ಪರದೆ ನೋಡುತ್ತಾ, ಮೈಕಿನ ಹತ್ತಿರ ಬಟ್ಟೆ ಹಿಡಿದು ಅವಳ ಹೆಜ್ಜೆಗೆ ಸರಿಯಾಗಿ ಉಜ್ಜುತ್ತಾರೆ. ಹೆದರಿದ ಮದುಮಗಳ ಸರಸರವೇ ಬೇರೆ. ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ. ಕೂದಲಿನ ವಿಷಯವೂ ಹೀಗೆಯೇ. ಬಿಗಿದು ಕಟ್ಟಿದ ತಲೆಯಿಂದ ಒಂದು ಎಳೆ ಜಾರಿ ಕತ್ತಿನ ಮೇಲೆ ಬಿತ್ತು ಅಂದರೆ ಅಲ್ಲಿಂದ ಮುಂದೆ ಅವಳ ಮಾತು ಅವಳದೇ.

1957ರ 'ಫನ್ನಿ ಫೇಸ್'ನಲ್ಲಿ ಒಂದು ಸೊಗಸಾದ ಉಪಾಯ ಇದೆ. ಆಡ್ರೆ ಹೆಪ್‌ಬರ್ನ್ ಅದರಲ್ಲಿ ಪುಸ್ತಕದಂಗಡಿಯ ಹುಡುಗಿ, ಮಾಡೆಲ್ ಆಗುತ್ತಾಳೆ. ಒಂದು ಪುಟ್ಟ ಚರ್ಚಿನ ಬಳಿ ಫೋಟೋಗಾಗಿ ಮದುವೆಯ ಡ್ರೆಸ್ ತೊಡಿಸುತ್ತಾರೆ, ಜಿವಾನ್ಶಿ ವಿನ್ಯಾಸದ್ದು. ನೆಲಕ್ಕೆ ತಾಗದೆ ಮೊಣಕಾಲಿನ ಕೆಳಗೇ ನಿಲ್ಲುವ ಲಂಗ, ಪಾದ ಕಾಣುತ್ತದೆ. ನೀನು ಮದುಮಗಳು, ಖುಷಿಯಾಗಿರು ಅಂತ ಫೋಟೋಗ್ರಾಫರ್ ಹೇಳುತ್ತಾನೆ. ಅವಳಿಗೆ ಆ ಖುಷಿ ತರೋಕೆ ಆಗುವುದಿಲ್ಲ. ಅವನನ್ನೇ ಪ್ರೀತಿಸುತ್ತಿದ್ದಾಳೆ, ಮತ್ತು ಇದು ಬರೀ ಫೋಟೋ. ಕಥೆಯ ಕೊನೆಯಲ್ಲಿ ಮತ್ತೆ ಮದುವೆಯ ಡ್ರೆಸ್, ಮತ್ತೆ ಅದೇ ಪುಟ್ಟ ಚರ್ಚು. ಈ ಸಲ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಜೂಲಿ ಆಂಡ್ರೂಸ್ ನಟಿಸಿದ 1965ರ 'ದ ಸೌಂಡ್ ಆಫ್ ಮ್ಯೂಸಿಕ್'. ಅದರ ಮರಿಯಾಳ ಕಥೆಯನ್ನು ಬರೀ ಬಟ್ಟೆಯಲ್ಲೇ ಹೇಳಬಹುದು. ಮಠದಿಂದ ಹೊರಟಾಗ ಅವಳ ಮೈಮೇಲೆ ಬಡವರೂ ಬೇಡ ಅಂದ ಒಂದು ಡ್ರೆಸ್. ಆಮೇಲೆ ಹಳೆಯ ಪರದೆ ಕತ್ತರಿಸಿ ಮಕ್ಕಳಿಗೆ ತಾನೇ ಆಟದ ಬಟ್ಟೆ ಹೊಲಿಯುತ್ತಾಳೆ. ಕೊನೆಗೆ ಮದುವೆ. ಡೊರೊಥಿ ಜೀಕಿನ್ಸ್ ಮಾಡಿದ ಗೌನು ಕತ್ತಿನವರೆಗೆ ಮುಚ್ಚಿದ್ದು, ತುಂಬು ತೋಳಿನದು. ಆಡಂಬರದ ಕಸೂತಿ ಇಲ್ಲ. ಸನ್ಯಾಸಿನಿಯರ ಉಡುಪಿನ ನೆನಪು ಅದರಲ್ಲಿ ಇನ್ನೂ ಉಳಿದಿದೆ. ಮಠದ ಸಿಸ್ಟರ್‌ಗಳು ಗೇಟಿನವರೆಗೆ ಅವಳ ಜೊತೆಗಿರುತ್ತಾರೆ. ಅವರು ಅದನ್ನು ದಾಟುವ ಹಾಗಿಲ್ಲ. ಕಬ್ಬಿಣದ ಸರಳುಗಳ ಹಿಂದೆ ನಿಂತುಕೊಳ್ಳುತ್ತಾರೆ, ಮುಖಗಳು ಒಂದರ ಪಕ್ಕ ಒಂದು. ಅವಳು ಹೊರಗೆ ಬಂದು ನಡೆಯುತ್ತಾ ಹೋಗುತ್ತಾಳೆ, ಅವಳ ಮುಸುಕು ನೆಲದ ಮೇಲೆ ಉದ್ದಕ್ಕೆ ಹಾಸಿಕೊಂಡು ಹಿಂದೆ ಹಿಂದೆ ಬರುತ್ತದೆ.

ನಮಸ್ಕಾರ.